ಒಂದೇ ಮನೆ, ಎರಡು ಪಾಸ್‌ಪೋರ್ಟ್: ಪುಣೆಗೆ ಮರಳಿದ ದಂಪತಿಯ ಪ್ರಕರಣ

ವಯಸ್ಸಾದ ಮೇಲೆ ವಿದೇಶದಿಂದ ವಾಪಸ್ ಬರುವವರು ಸಾಮಾನ್ಯವಾಗಿ ಮೂರು ಲೆಕ್ಕ ಹಾಕುತ್ತಾರೆ. ದುಡ್ಡು ಸಾಕಾಗುತ್ತಾ, ಮನೆ ಎಲ್ಲಿ, ಡಾಕ್ಟರು ಯಾರು. ನಾಲ್ಕನೆಯದೊಂದು ಇದೆ, ಅದನ್ನು ಕೇಳಿಕೊಳ್ಳುವವರು ಕಡಿಮೆ. ಬಂದ ಮೇಲೆ ಮನೆಯ ವ್ಯವಹಾರ ಯಾರ ಹೆಸರಲ್ಲಿ ನಡೆಯುತ್ತದೆ? ಗಂಡ ಹೆಂಡತಿ ಇಬ್ಬರೂ ಒಂದೇ ವಿಮಾನದಲ್ಲಿ ಬಂದಿಳಿದರೂ ಸರ್ಕಾರದ ಕಣ್ಣಿಗೆ ಇಬ್ಬರೂ ಒಂದೇ ಅಲ್ಲ. ಪುಣೆಯ ಕೋಥ್ರೂಡ್ ಬಡಾವಣೆಯ ಈ ಪ್ರಕರಣದಲ್ಲಿ ಎಲ್ಲ ಗೊಂದಲ ಹುಟ್ಟಿದ್ದು ಅಲ್ಲಿಂದಲೇ. ಕೊನೆಗೆ ಎಲ್ಲ ಬಗೆಹರಿದದ್ದೂ ಹೆಚ್ಚುಕಡಿಮೆ ಅಲ್ಲಿಂದಲೇ.

ನಾನು ಬ್ಯಾಂಕಿನಲ್ಲಿ ಇದ್ದವಳು. ಅನಿವಾಸಿಗಳ ಖಾತೆ ನೋಡುವ ಟೇಬಲ್ಲಿನಲ್ಲಿ ಬಹಳ ವರ್ಷ ಕೂತಿದ್ದೆ. ಸ್ವಯಂ ನಿವೃತ್ತಿ ತಗೊಂಡ ಮೇಲೆ ಪುಣೆಯ ನಮ್ಮ ಕಡೆಯ ಹಿರಿಯರಿಗೆ ಫಾರ್ಮು ತುಂಬಿಕೊಡುವುದು, ಕಚೇರಿಗೆ ಜೊತೆಗೆ ಹೋಗುವುದು ಮಾಡುತ್ತೇನೆ. ಸುಮ್ನೆ ಮನೆಯಲ್ಲಿ ಕೂರುವುದಕ್ಕಿಂತ ವಾಸಿ. ಈ ದಂಪತಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಬೇಡ, ನಾನು ಕರೆಯುವ ಹಾಗೆ ಗಂಡ ಕಾಕಾ, ಹೆಂಡತಿ ಕಾಕು ಎಂದೇ ಇರಲಿ.

ಹಿನ್ನೆಲೆ

ಕಾಕಾ ಧಾರವಾಡದವರು. 1985ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದರು. ಹೊಸೈರಿ ಯಂತ್ರಗಳ ಎಂಜಿನಿಯರು. ಬನಿಯನ್, ಕಾಲುಚೀಲ ನೇಯುವ ಕಾರ್ಖಾನೆಗಳು ಆ ಊರಿನಲ್ಲಿ ಆಗ ಇನ್ನೂ ಓಡುತ್ತಿದ್ದವು. ಮುಂದಿನ ವರ್ಷ ಕಾಕು ಹೋದರು. ಮಗ ಸ್ವಲ್ಪ ದೊಡ್ಡವನಾದ ಮೇಲೆ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕ್ಲರ್ಕ್ ಆಗಿ ಸೇರಿದರು.

ತೊಂಬತ್ತರ ದಶಕದಲ್ಲಿ ಕಾಕಾ ಬ್ರಿಟಿಷ್ ಪೌರತ್ವ ತಗೊಂಡರು. ಯಂತ್ರ ನೋಡಲು ಪದೇ ಪದೇ ಜರ್ಮನಿ, ಇಟಲಿಗೆ ಓಡಾಡಬೇಕಿತ್ತು, ಪ್ರತಿ ಸಲ ವೀಸಾ ಕೇಳಿ ಕೇಳಿ ಸಾಕಾಗಿತ್ತು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಬೇರೆ ದೇಶದ್ದು ತಗೊಂಡರೆ ಇಲ್ಲಿಯದು ಹೋಗುತ್ತದೆ. ಭಾರತ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದು ಇರಲು ಬಿಡುವ ಓಸಿಐ ಎಂಬ ಸಾಗರೋತ್ತರ ಕಾರ್ಡು ಬಂದದ್ದು 2005ರ ಕಾನೂನು ತಿದ್ದುಪಡಿಯ ನಂತರ. ಅಲ್ಲಿಯವರೆಗೆ ಕಾಕಾ ತಾಯಿಯನ್ನು ನೋಡಲು ಧಾರವಾಡಕ್ಕೆ ಬರಬೇಕಾದರೂ ವೀಸಾ ಹಾಕಿಸಿಕೊಂಡೇ ಬರುತ್ತಿದ್ದರು. ಕಾಕು ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ. ದೊಡ್ಡ ಕಾರಣ ಏನೂ ಇರಲಿಲ್ಲವಂತೆ. "ಬಿಡೂಕ ಮನಸಾಗ್ಲಿಲ್ಲ, ಅಷ್ಟ" ಎಂದರು. ಅವರ ಪಾಸ್‌ಪೋರ್ಟಿನ ಮೇಲೆ ಬ್ರಿಟನ್ನಿನ ಶಾಶ್ವತ ವಾಸದ ಪರವಾನಗಿ ಇತ್ತು. ಇಂಗ್ಲೆಂಡಿನಲ್ಲಿ ಇರುವಷ್ಟು ದಿನ ಇಬ್ಬರ ನಡುವೆ ಇದರಿಂದ ಏನೂ ವ್ಯತ್ಯಾಸ ಬಿದ್ದಿರಲಿಲ್ಲ.

ಅಲ್ಲಿ ಎಲ್ಲ ಕಾಗದಪತ್ರ ಕಾಕಾನದ್ದು. ಬ್ಯಾಂಕು, ತೆರಿಗೆ, ಮನೆ ಸಾಲ, ಕಾರಿನ ವಿಮೆ. ಕಾಕು ಸಹಿ ಹಾಕುತ್ತಿದ್ದರು, ಓದುತ್ತಿರಲಿಲ್ಲ.

ವಾಪಸ್ ಬರುವ ಕನಸೂ ಕಾಕಾನದ್ದೇ. ಧಾರವಾಡದ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮಾರಾಟವಾಗಿತ್ತು. ಪುಣೆಯಲ್ಲಿ ಕಾಕುವಿನ ತಂಗಿ ಇದ್ದರು. 1994ರಲ್ಲಿ ಕೋಥ್ರೂಡಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡಿದ್ದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ನಲವತ್ತರ ಹರೆಯದಲ್ಲಿ ಯಾರು ಲಿಫ್ಟ್ ನೋಡುತ್ತಾರೆ, ಅಲ್ವಾ? ಬಾಡಿಗೆಗೆ ಕೊಟ್ಟಿದ್ದರು. ಧಾರವಾಡದ ರೈಲು ಪುಣೆಯಿಂದ ರಾತ್ರಿ ಹತ್ತಿದರೆ ಬೆಳಿಗ್ಗೆ ಊರು. ಕನ್ನಡ ಮಾತಾಡುವವರು ಬೇಕಾದಷ್ಟು ಜನ. ಕನ್ನಡ ಸಂಘ ನಡೆಸುವ ಕಾವೇರಿ ಶಾಲೆ ಕಾಲೇಜುಗಳೂ ಹತ್ತಿರವೇ. ಲೆಕ್ಕ ಸರಿಯಾಗಿಯೇ ಇತ್ತು.

ಕಾಕುಗೆ ಬರುವ ಮನಸ್ಸಿರಲಿಲ್ಲ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮ್ಯಾಂಚೆಸ್ಟರಿನಲ್ಲಿ. 2022ರ ಚಳಿಗಾಲದಲ್ಲಿ ಗ್ಯಾಸು, ಕರೆಂಟಿನ ಬಿಲ್ಲು ಯದ್ವಾತದ್ವಾ ಏರಿತು. ಅದೇ ಹೊತ್ತಿಗೆ ಕಾಕಾನ ಇಬ್ಬರು ಗೆಳೆಯರು ತೀರಿಕೊಂಡರು. ಕಾಕಾ ಹಟ ಹಿಡಿದರು. ಬೇಸಿಗೆಯಲ್ಲಿ ಲೆಸ್ಟರ್‌ನ ಮನೆ ಮಾರಿಬಿಟ್ಟರು. ನನ್ನ ಕೇಳಿದರೆ ಇಡೀ ಪ್ರಕರಣದಲ್ಲಿ ಅವಸರ ಆದದ್ದು ಇದೊಂದರಲ್ಲೇ. ಎರಡು ವರ್ಷ ಬಾಡಿಗೆಗೆ ಕೊಟ್ಟಿದ್ದರೆ ಹಿಂದಕ್ಕೆ ಒಂದು ಬಾಗಿಲು ತೆರೆದಿರುತ್ತಿತ್ತು.

2023ರ ಅಕ್ಟೋಬರ್‌ನಲ್ಲಿ, ನವರಾತ್ರಿಯ ಘಟ ಕೂಡ್ರುವ ಮುಂಚೆ, ಮುಂಬೈಯಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಪುಣೆಗೆ ಬಂದರು. ಕಾಕಾಗೆ 72, ಕಾಕುಗೆ 68. ಕಾಕಾಗೆ ಹೃದಯಕ್ಕೆ ಸ್ಟೆಂಟ್ ಹಾಕಿತ್ತು, ಶುಗರೂ ಇತ್ತು. ಕಾಕುಗೆ ಮೊಣಕಾಲು.

ಮೊದಲ ಆರು ತಿಂಗಳು

ಬಂದ ವಾರವೇ ಸಿಮ್ ಕಾರ್ಡ್ ಬೇಕಾಯಿತು. ಅಂಗಡಿಯವನು ಆಧಾರ್ ಕೇಳಿದ. ಪೈಪ್ ಗ್ಯಾಸಿನವರೂ ಅದನ್ನೇ ಕೇಳಿದರು. ಬ್ಯಾಂಕಿನವರು ಕೆವೈಸಿ ಹೊಸದಾಗಿ ಮಾಡಿಸಿ ಎಂದರು, ಅಲ್ಲೂ ಅದೇ.

ನಿಯಮ ಹೀಗಿದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ದೇಶಕ್ಕೆ ಬಂದ ಕೂಡಲೇ ಆಧಾರ್‌ಗೆ ಅರ್ಜಿ ಹಾಕಬಹುದು. 2019ರಿಂದ ಅವರಿಗೆ ಕಾಯುವ ಷರತ್ತಿಲ್ಲ. ಓಸಿಐ ಕಾರ್ಡಿನವರು ಹಾಗಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಅಂದರೆ ಕಾಕುಗೆ ಅಕ್ಟೋಬರ್‌ನಲ್ಲೇ ಆಗುವ ಕೆಲಸ ಕಾಕಾಗೆ ಏಪ್ರಿಲ್ ಅರ್ಧ ಕಳೆಯುವವರೆಗೆ ಆಗುವಂತಿಲ್ಲ.

ಇದನ್ನು ಹೇಳಿದಾಗ ಕಾಕಾ ನನ್ನನ್ನು ದಿಟ್ಟಿಸಿ ನೋಡಿದರು. "ಏನ್ ತಂಗಿ, ಧಾರವಾಡದಾಗ ಹುಟ್ಟಿದವ ನಾನು. ನಾನೇ ಪರದೇಶಿ ಆದೆನಲ್ಲ!"

ಕಾಕುವಿನ ಜೊತೆ ಆಧಾರ್ ಕೇಂದ್ರಕ್ಕೆ ನಾನೇ ಹೋದೆ. ವಿಳಾಸದ ಪುರಾವೆ ಮೊದಲ ತಲೆನೋವು. ಕರೆಂಟ್ ಬಿಲ್ಲು ಇವತ್ತಿಗೂ ಬಿಲ್ಡರ್ ಹೆಸರಲ್ಲೇ ಬರುತ್ತಿತ್ತು. ಪುಣೆಯ ಹಳೇ ಸೊಸೈಟಿಗಳಲ್ಲಿ, ಅಂದರೆ ಫ್ಲ್ಯಾಟಿನವರ ಸಹಕಾರಿ ಸಂಘಗಳಲ್ಲಿ, ಇದು ಮಾಮೂಲಿ, ದುಡ್ಡು ಕಟ್ಟುತ್ತಾ ಹೋಗುತ್ತಾರೆ, ಹೆಸರು ಬದಲಿಸುವುದಿಲ್ಲ. ಪುಣ್ಯಕ್ಕೆ ಮಹಾನಗರಪಾಲಿಕೆಯ ಆಸ್ತಿ ತೆರಿಗೆ ರಸೀದಿಯಲ್ಲಿ ಇಬ್ಬರ ಹೆಸರೂ ಇತ್ತು. ಆಮೇಲೆ ಬೆರಳಚ್ಚು. ಕಾಕುವಿನ ಬೆರಳು ಯಂತ್ರಕ್ಕೆ ಹಿಡಿಸಲೇ ಇಲ್ಲ. ಹುಡುಗ "ಆಜಿ, ಬೋಟಂ ಪುಸಾ" ಎನ್ನುತ್ತಾ ಒದ್ದೆ ಬಟ್ಟೆ ಕೊಟ್ಟ. ಒರೆಸಿದರು, ಒತ್ತಿದರು. ಕೆಂಪು ದೀಪ. ಮತ್ತೆ ಒರೆಸಿದರು, ಹುಡುಗ ತಾನೇ ಅವರ ಹೆಬ್ಬೆಟ್ಟಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ. ಮತ್ತೆ ಕೆಂಪು. ವಯಸ್ಸಾದವರ ಗೆರೆಗಳು ಸವೆದಿರುತ್ತವೆ. ಕಣ್ಣಿನ ಪಾಪೆಯ ಚಿತ್ರ ಸರಿಯಾಗಿ ಬಂತು, ಅದರ ಮೇಲೆ ಕೆಲಸ ಆಯಿತು. ಹಿರಿಯರನ್ನು ಕರೆದೊಯ್ಯುವವರು ಇದನ್ನು ತಿಳಿದಿರಬೇಕು. ಬೆರಳು ಬರಲಿಲ್ಲ ಎಂದು ವಾಪಸ್ ಕಳಿಸಿದರೆ ಕಣ್ಣು ತಗೊಳ್ಳಿ ಎಂದು ಕೇಳಿ.

ಆಧಾರ್ ಬಂದದ್ದೇ ತಡ, ಒಂದರ ಹಿಂದೆ ಒಂದು ಕಾಕುವಿನ ಹೆಸರಿಗೆ ಬಂದವು. ಸಿಮ್ ಕಾರ್ಡ್, ಗ್ಯಾಸ್, ಇಂಟರ್ನೆಟ್. ಕೆಲಸದ ಮಾವಶಿಗೆ ಸಂಬಳ, ತರಕಾರಿಯವನಿಗೆ ದುಡ್ಡು, ಪೋಳಿ-ಭಾಜಿ ಅಂಗಡಿಯ ತಿಂಗಳ ಲೆಕ್ಕ ಎಲ್ಲವೂ ಅವರ ಫೋನಿನಿಂದ. ಕಾಕಾನ ಬ್ಯಾಂಕ್ ಖಾತೆಗೆ ಜೋಡಿಸಿದ್ದ ನಂಬರು ಇಂಗ್ಲೆಂಡಿನದು. ಆ ಸಿಮ್ಮು ಬಾಲ್ಕನಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಹಿಡಿಯುತ್ತಿತ್ತು. ಓಟಿಪಿ ಬೇಕಾದಾಗ ಕಾಕಾ ಫೋನು ಎತ್ತಿ ಹಿಡಿದು ಅಲ್ಲೇ ನಿಲ್ಲುತ್ತಿದ್ದರು. ಒಮ್ಮೆ ಕಾಕು ನನಗೆ ಚಹಾ ಕೊಡುತ್ತಾ ಹೇಳಿದರು. "ನಿನಗೇನೂ ತಿಳಿಯಂಗಿಲ್ಲ ಅಂತ ಇಷ್ಟು ವರ್ಷ ಅಂದ್ರು. ಈಗ ಓಟಿಪಿ ನನ್ನ ಫೋನಿಗೇ ಬರ್ತದ." ಕಾಕಾ ಕೇಳಿಸಿಕೊಂಡರು, ಪೇಪರ್ ಮಡಚಲಿಲ್ಲ.

ಇನ್ನೊಂದು ತೊಡಕು ಹೆಸರಿನದು. ಮಹಾರಾಷ್ಟ್ರದ ದಸ್ತಾವೇಜಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನದೋ ಗಂಡನದೋ ಹೆಸರು. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮಾಯ. ಪ್ಯಾನ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಮೂರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಅದರ ನಾಲ್ಕಾರು ನಕಲು ಮಾಡಿಸಿ ಇಟ್ಟುಕೊಂಡೆವು. ಎಲ್ಲ ಕಡೆ ಕೇಳಿದರು.

ಪ್ಯಾನ್‌ನಲ್ಲೂ ಇಬ್ಬರ ದಾರಿ ಬೇರೆ ಬೇರೆ. ಭಾರತದ ಪ್ರಜೆಯಲ್ಲದವರು ಪ್ಯಾನ್‌ಗೆ ಆಧಾರ್ ಜೋಡಿಸಲೇಬೇಕೆಂದಿಲ್ಲ. ಕಾಕಾ ಪಾರು. ಅನಿವಾಸಿಗಳಿಗೂ ವಿನಾಯಿತಿ ಇದೆ, ಆದರೆ ತೆರಿಗೆ ಇಲಾಖೆಯ ದಾಖಲೆಯಲ್ಲಿ ತಾನು ಅನಿವಾಸಿ ಎಂದು ನಮೂದಾಗಿರಬೇಕು. ಕಾಕುವಿನದು ಆಗಿರಲಿಲ್ಲ. 2023ರ ಜುಲೈ 1ರಿಂದ ಅಂಥ ಪ್ಯಾನ್‌ಗಳೆಲ್ಲ ನಿಷ್ಕ್ರಿಯವಾದವು. ಬಾಡಿಗೆಯ ದುಡ್ಡು ಕೂಡಿಟ್ಟ ಠೇವಣಿಯ ಬಡ್ಡಿಯಲ್ಲಿ ಜಾಸ್ತಿ ತೆರಿಗೆ ಮುರಿದುಕೊಂಡಿದ್ದು ಬಂದ ಮೇಲೆ ಗೊತ್ತಾಯಿತು. ಆಧಾರ್ ಜೋಡಿಸಿ, ದಂಡ ಕಟ್ಟಿ ಸರಿಮಾಡಿಸಿದೆವು.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಡಗಿನಲ್ಲಿ ಬಂದ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಬೇಡದ್ದು. ಉಣ್ಣೆಯ ಕಾರ್ಪೆಟ್ ಪುಣೆಯ ಮಳೆಗಾಲಕ್ಕೆ ಬೂಷ್ಟು ಹಿಡಿಯಿತು.

ದುಡ್ಡು, ಪಿಂಚಣಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಕಾಯಂ ಆಗಿ ನೆಲೆಸಲು ಬಂದವರು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳನ್ನು ಹಾಗೇ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಬದಲಿಸಬೇಕು. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಎಂಬ ಆಸೆಗೆ ಎಷ್ಟೋ ಜನ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಅದು ತಪ್ಪು, ಮುಂದೆ ಸಿಕ್ಕಿಬೀಳುತ್ತಾರೆ. ಪೌಂಡನ್ನು ಪೌಂಡಾಗಿಯೇ ಇಡಬೇಕೆನ್ನುವವರಿಗೆ ಆರ್‌ಎಫ್‌ಸಿ ಎಂಬ ಖಾತೆ ಇದೆ. ಲೆಸ್ಟರ್ ಮನೆಯ ದುಡ್ಡಿನ ಒಂದು ಭಾಗ ಅದರಲ್ಲಿ ಇಟ್ಟೆವು. ಉಳಿದದ್ದು ಇಂಗ್ಲೆಂಡಿನಲ್ಲೇ ಇದೆ. ಹೊರಗಿದ್ದಾಗ ಗಳಿಸಿದ ಆಸ್ತಿಯನ್ನು ಹೊರಗೇ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾನೂನು ಬಿಡುತ್ತದೆ.

ಆದಾಯ ತೆರಿಗೆಯಲ್ಲಿ ಒಂದು ನಡುವಿನ ಸ್ಥಿತಿ ಇದೆ. ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು 729 ದಿನಕ್ಕಿಂತ ಹೆಚ್ಚಿಲ್ಲದಿದ್ದರೆ ಈ ಸ್ಥಿತಿ. ಈ ಅವಧಿಯಲ್ಲಿ ವಿದೇಶದ ಪಿಂಚಣಿ, ಬಡ್ಡಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಒಂದು ಎಚ್ಚರ ಬೇಕು. ಆ ದುಡ್ಡು ಮೊದಲು ಅಲ್ಲಿಯ ಖಾತೆಗೇ ಜಮಾ ಆಗಬೇಕು, ಆಮೇಲೆ ಇಲ್ಲಿಗೆ ತರಿಸಿಕೊಳ್ಳಬೇಕು. ನೇರವಾಗಿ ಪುಣೆಯ ಖಾತೆಗೆ ಬಂದರೆ ಭಾರತದಲ್ಲಿ ಕೈಸೇರಿದ ಆದಾಯ ಎಂದಾಗುತ್ತದೆ. ಕಾಕಾ ಬಂದ ಕೂಡಲೇ ಪಿಂಚಣಿ ಇಲ್ಲಿಗೇ ತಿರುಗಿಸುವ ಫಾರ್ಮು ತುಂಬಿಟ್ಟಿದ್ದರು. ಪೋಸ್ಟಿಗೆ ಹಾಕುವ ಮುಂಚೆ ತೋರಿಸಿದ್ದು ಒಳ್ಳೆಯದಾಯಿತು.

ಪಿಂಚಣಿಯ ದೊಡ್ಡ ಪೆಟ್ಟು ಬೇರೆಯೇ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಭಾರತಕ್ಕೆ ಬರುತ್ತದೆ, ಆದರೆ ಪ್ರತಿ ಏಪ್ರಿಲ್‌ನ ಏರಿಕೆ ಬರುವುದಿಲ್ಲ. ದೇಶ ಬಿಟ್ಟಾಗ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲುತ್ತದೆ. ಅಮೆರಿಕಕ್ಕೆ ಹೋಗಿ ನೆಲೆಸಿದರೆ ಏರುತ್ತದೆ, ಫಿಲಿಪೀನ್ಸಿಗೆ ಹೋದರೂ ಏರುತ್ತದೆ. ಅವುಗಳ ಜೊತೆ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ಇವರು ಹೊರಟ 2023-24ರಲ್ಲಿ ಪೂರ್ತಿ ದರ ವಾರಕ್ಕೆ 203.85 ಪೌಂಡ್. 2024-25ರಲ್ಲಿ 221.20 ಆಯಿತು, 2025-26ರಲ್ಲಿ 230.25. ಎರಡೇ ಏರಿಕೆಯಲ್ಲಿ ವಾರಕ್ಕೆ 26 ಪೌಂಡಿನ ಮೇಲೆ ಅಂತರ ಬಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ ಪೂರ್ತಿ ದರದವರಿಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ. ಇನ್ನು ಹತ್ತು ವರ್ಷಕ್ಕೆ ಏನಾಗಬಹುದು, ಯೋಚಿಸಿ.

ಕಾಕುವಿನದು ಪೂರ್ತಿ ದರವೂ ಅಲ್ಲ. 35 ವರ್ಷ ವಂತಿಗೆ ಕಟ್ಟಿದರೆ ಪೂರ್ತಿ, ಅವರದು 22 ವರ್ಷ. ಆದರೂ ಪುಣೆಯ ಖರ್ಚಿಗೆ ಇಬ್ಬರದೂ ಸೇರಿ ಧಾರಾಳವಾಗಿ ಸಾಕು. ದುಡ್ಡಿನ ಕೊರತೆ ಈ ಪ್ರಕರಣದಲ್ಲಿ ಇರಲಿಲ್ಲ. ಕಾಕಾಗೆ ಚುಚ್ಚಿದ್ದು ನ್ಯಾಯದ ಮಾತು. ತೆರಿಗೆ ಕಟ್ಟಿದ್ದು ಅಲ್ಲಿ, ನನ್ನನ್ನು ಮರೆತದ್ದೂ ಅಲ್ಲಿಯವರೇ ಎನ್ನುತ್ತಾರೆ. ನನಗೂ ಅವರ ಸಿಟ್ಟು ಸರಿ ಅನ್ನಿಸುತ್ತದೆ.

ಬದುಕಿದ್ದೇವೆ ಎಂಬ ಪ್ರಮಾಣಪತ್ರವೂ ಅಲ್ಲಿಂದ ಪೋಸ್ಟಿನಲ್ಲಿ ಬರುತ್ತದೆ. ಸಾಕ್ಷಿಯ ಸಹಿ ಹಾಕಿಸಿ ಕಳಿಸಬೇಕು. ತಡವಾದರೆ ಪಿಂಚಣಿ ನಿಲ್ಲುತ್ತದೆ. ಸೊಸೈಟಿಯ ಗೇಟಿನಲ್ಲಿ ಪೋಸ್ಟಿನ ಡಬ್ಬಿ ತುಕ್ಕು ಹಿಡಿದಿತ್ತು, ವಾಚ್‌ಮನ್ ಪತ್ರಗಳನ್ನೆಲ್ಲ ಮೀಟರಿನ ಮೇಲೆ ಸಿಕ್ಕಿಸಿಡುತ್ತಿದ್ದ. ಹೊಸ ಡಬ್ಬಿ ಹಾಕಿಸಿದವರು ಕಾಕು.

ವಿಮೆ

ಬ್ರಿಟನ್ನಿನ ಉಚಿತ ಆಸ್ಪತ್ರೆ ಸೇವೆ ಅಲ್ಲಿ ವಾಸ ಇರುವವರಿಗೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಸಿಗುವುದಿಲ್ಲ. ಇಲ್ಲಿ 2023ರಲ್ಲಿ 65 ದಾಟಿದವರಿಗೆ ಹೊಸ ಆರೋಗ್ಯ ವಿಮೆ ಸಿಗುವುದು ಕಷ್ಟವಿತ್ತು. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಆ ವಯಸ್ಸಿನ ಮಿತಿ ತೆಗೆಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿತು. ಇಬ್ಬರಿಗೂ ಪಾಲಿಸಿ ಆಯಿತು. ಆದರೆ ಕಾಕಾನ ಹೃದಯ, ಶುಗರಿಗೆ 2027ರವರೆಗೆ ಕಾಯಬೇಕು.

ವಿದೇಶದಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಬರುವ ನಾಲ್ಕೈದು ವರ್ಷ ಮುಂಚೆಯೇ ಇಲ್ಲಿಯ ಪಾಲಿಸಿ ತಗೊಳ್ಳಿ. ಅನಿವಾಸಿಗಳಿಗೂ ಕೊಡುತ್ತಾರೆ. ಕಾಯುವ ಅವಧಿ ನೀವು ಅಲ್ಲಿರುವಾಗಲೇ ಮುಗಿಯುತ್ತದೆ. ಪ್ರೀಮಿಯಂ ದಂಡ ಅನ್ನಿಸುತ್ತದೆ, ಅಲ್ಲ.

ಮನೆ ಮತ್ತು ಮತ

ಮೂರು ಮಹಡಿ ಮೆಟ್ಟಿಲು ಕಾಕುವಿನ ಮೊಣಕಾಲಿಗೆ ದೊಡ್ಡ ಶಿಕ್ಷೆ. ಎಲ್ಲ ವ್ಯವಹಾರ ಅವರದೇ ಆದ್ದರಿಂದ ಹತ್ತಿ ಇಳಿಯುವುದೂ ಅವರೇ. ಕಾಕಾ ಬಾಲ್ಕನಿಯಲ್ಲಿ ಕುಳಿತು ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚುವ ಪುಣೆಕರರ ಬಗ್ಗೆ ಟೀಕೆ ಮಾಡುತ್ತಿದ್ದರು.

ಅಷ್ಟರಲ್ಲಿ ಸೊಸೈಟಿಯಲ್ಲಿ ರಿಡೆವಲಪ್‌ಮೆಂಟ್ ಮಾತು ಎದ್ದಿತು. ಕೋಥ್ರೂಡಿನಲ್ಲಿ ಈಗ ಯಾವ ಗಲ್ಲಿ ಹೊಕ್ಕರೂ ಒಂದು ಹಳೇ ಕಟ್ಟಡ ಕೆಡವುತ್ತಿರುತ್ತಾರೆ. ಬಿಲ್ಡರ್ ಹಳೆಯದನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಾನೆ, ಇದ್ದವರಿಗೆ ಸ್ವಲ್ಪ ದೊಡ್ಡ ಫ್ಲ್ಯಾಟ್ ಕೊಡುತ್ತಾನೆ, ಹೆಚ್ಚುವರಿ ಮಹಡಿ ಮಾರಿ ಲಾಭ ಮಾಡುತ್ತಾನೆ. ಅಲ್ಲಿಯವರೆಗೆ ಸದಸ್ಯರ ಬಾಡಿಗೆ ಅವನದೇ. ಮಹಾರಾಷ್ಟ್ರ ಸರ್ಕಾರದ 2019ರ ಜುಲೈ 4ರ ಆದೇಶದ ಪ್ರಕಾರ ಇದಕ್ಕೆ ಕರೆದ ಸಭೆಯಲ್ಲಿ ಮೂರನೇ ಎರಡು ಭಾಗ ಸದಸ್ಯರು ಹಾಜರಿರಬೇಕು, ಒಟ್ಟು ಸದಸ್ಯರಲ್ಲಿ 51 ಪ್ರತಿಶತ ಒಪ್ಪಬೇಕು, ಸಭೆಯ ವಿಡಿಯೋ ಆಗಬೇಕು.

ಇವರ ಸೊಸೈಟಿಯಲ್ಲಿ 24 ಫ್ಲ್ಯಾಟ್. ಕಾಕುಗೆ ಲಿಫ್ಟ್ ಬೇಕು, ಅವರು ಒಪ್ಪಿಗೆ. ಕಾಕಾ ಬೇಡ ಎಂದರು. "ನಾ ತಿರುಗಿ ಬಂದದ್ದ ಈ ಮನಿಗೆ. ಬಂದ ಕೂಡ್ಲೆ ಕೆಡವ್ತಾರಂತ" ಎಂದು ಸಿಟ್ಟು. ಫ್ಲ್ಯಾಟಿನ ದಾಖಲೆಯಲ್ಲಿ ಮೊದಲ ಹೆಸರು ಕಾಕಾನದು, ಎರಡನೆಯದು ಕಾಕುವಿನದು. ಜಂಟಿ ಹೆಸರಿದ್ದರೆ ಮತ ಮೊದಲ ಹೆಸರಿನವರದು.

ಇದರಲ್ಲೊಂದು ತಮಾಷೆ ನೋಡಿ. 2024ರ ನವೆಂಬರ್ 20ರಂದು ಮಹಾರಾಷ್ಟ್ರ ವಿಧಾನಸಭೆಗೆ ಮತದಾನ ನಡೆಯಿತು. ಕಾಕು ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡಿದ್ದರು, ಬೆಳಿಗ್ಗೆಯೇ ಹೋಗಿ ಬಂದರು. ಓಸಿಐನವರಿಗೆ ಮತ ಇಲ್ಲ. ಕಾಕಾ ಮತಗಟ್ಟೆಯ ತನಕ ಜೊತೆಗೆ ಹೋಗಿ ಹೊರಗೆ ನಿಂತರು. ಇಡೀ ಪುಣೆಯಲ್ಲಿ ಅವರಿಗೆ ಮತ ಇದ್ದ ಒಂದೇ ಜಾಗ ಸೊಸೈಟಿಯ ಸಭೆ. 2025ರ ಆರಂಭದ ಆ ಸಭೆಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದರು. ಎದ್ದು ನಿಂತು, ಒಳ್ಳೆಯ ಮರಾಠಿಯಲ್ಲಿ ಮಾತಾಡಿ, ವಿರುದ್ಧ ಮತ ಹಾಕಿದರು. 21 ಜನ ಪರ. ಪ್ರಸ್ತಾವ ಪಾಸಾಯಿತು. ಕಾಕು ಮನೆಗೆ ಬಂದು ಶಿರಾ ಮಾಡಿದರು. ಯಾಕೆ ಅಂತ ನಾನು ಕೇಳಲಿಲ್ಲ.

ಕರ್ವೆನಗರದಲ್ಲಿ ಲಿಫ್ಟ್ ಇರುವ ಬಾಡಿಗೆ ಮನೆ ಸಿಕ್ಕಿತು. ಓನರ್ ಆಧಾರ್ ಕೇಳಿದ. ಕಾಕಾನದು 2024ರ ಬೇಸಿಗೆಯಲ್ಲಿ ಬಂದಿತ್ತು, ತೋರಿಸಿದರು. ಓಸಿಐನವರ ಆಧಾರ್‌ಗೆ 10 ವರ್ಷದ ಅವಧಿ ಇರುತ್ತದೆ. ಅದನ್ನೂ ಕಾಕಾ ಗಮನಿಸಿದ್ದರು. "ನನ್ನ ಎಕ್ಸ್‌ಪೈರಿ ಡೇಟ್ ಬರ್ದಾರ ನೋಡು" ಎಂದು ನಕ್ಕರು.

ಎರಡು ವರ್ಷದ ಗಡುವು

2025ರ ಮಳೆಗಾಲದಲ್ಲಿ ಕಾಕಾಗೆ ಎದೆನೋವು ಬಂತು. ಐದು ದಿನ ಆಸ್ಪತ್ರೆ. ಕಾಯುವ ಅವಧಿ ಮುಗಿದಿರಲಿಲ್ಲವಲ್ಲ, ಮೂರು ಲಕ್ಷದ ಮೇಲೆ ಕೈಯಿಂದಲೇ ಹೋಯಿತು. ಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಕಾಕಾ ಒಂದು ಮಾತು ತೆಗೆದರು. ವಾಪಸ್ ಲೆಸ್ಟರ್‌ಗೆ ಹೋಗೋಣ.

ಬರಬೇಕೆಂದು ಹಟ ಹಿಡಿದವರೇ ಹೋಗಬೇಕು ಎನ್ನುವುದನ್ನು ನಾನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಅವರು ಬಂದದ್ದು ತಾವು ಬಿಟ್ಟುಹೋದ ಊರಿಗೆ. ಆ ಊರು ಈಗ ಎಲ್ಲಿದೆ? ಒಲ್ಲದೆ ಬಂದವರಿಗೆ ಆ ನಿರೀಕ್ಷೆಯೇ ಇರುವುದಿಲ್ಲ, ಎದುರಿಗೆ ಇದ್ದದ್ದರ ಜೊತೆ ಏಗುತ್ತಾರೆ.

ಇಲ್ಲಿ ಪಾಸ್‌ಪೋರ್ಟ್ ಮತ್ತೆ ನಡುವೆ ಬಂತು. ಕಾಕಾ ಬ್ರಿಟಿಷ್ ಪ್ರಜೆ, ಯಾವಾಗ ಬೇಕಾದರೂ ಹೋಗಬಹುದು. ಕಾಕುವಿನ ಶಾಶ್ವತ ವಾಸದ ಪರವಾನಗಿ ಹಾಗಲ್ಲ. ಸತತ ಎರಡು ವರ್ಷಕ್ಕಿಂತ ಜಾಸ್ತಿ ಬ್ರಿಟನ್ನಿನ ಹೊರಗಿದ್ದರೆ ಅದು ರದ್ದಾಗುತ್ತದೆ. ಅಕ್ಟೋಬರ್ 2025ಕ್ಕೆ ಗಡುವು. ಅದು ದಾಟಿದರೆ ಕಾಕು ಮತ್ತೆ ನೆಲೆಸಲು ಹೊಸದಾಗಿ ಅರ್ಜಿ ಹಾಕಬೇಕು. ಅಲ್ಲಿಯೊಂದಿಗೆ ಗಟ್ಟಿ ಸಂಬಂಧ ಉಳಿದಿದೆ ಎಂದು ತೋರಿಸಿ ಮರಳುವ ವೀಸಾ ಕೇಳಬೇಕು, ಇಲ್ಲವೇ ಗಂಡನ ಮೇಲೆ ಹೆಂಡತಿಯ ವೀಸಾ. ಹೆಂಡತಿಯ ವೀಸಾಕ್ಕೆ ಬೇಕಾದ ಆದಾಯವನ್ನು 2024ರ ಏಪ್ರಿಲ್ 11ರಿಂದ ವರ್ಷಕ್ಕೆ 18,600 ಪೌಂಡಿನಿಂದ 29,000ಕ್ಕೆ ಏರಿಸಿದ್ದಾರೆ. ಇವರ ಪಿಂಚಣಿ ಅಲ್ಲಿಗೆ ಮುಟ್ಟುವುದಿಲ್ಲ, ಉಳಿತಾಯ ತೋರಿಸಬೇಕಾಗುತ್ತಿತ್ತು.

ಮಗ ಫೋನಿನಲ್ಲಿ ಒಂದು ಉಪಾಯ ಹೇಳಿದ. ಅಮ್ಮ ಎರಡು ವಾರ ಬಂದು ಹೋಗಲಿ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಬಹಳ ಜನ ಹೀಗೇ ಮಾಡುತ್ತಾರೆ. ಆದರೆ ನಿಯಮ ಕೇಳುವುದು ನೆಲೆಸಲು ಬರುತ್ತಿದ್ದೀರಾ ಎಂದು. ಅಲ್ಲಿ ಮನೆ ಇಲ್ಲ, ಕೈಯಲ್ಲಿ ವಾಪಸ್ ಟಿಕೆಟ್, ಪುಣೆಯಲ್ಲಿ ಸಂಸಾರ. ವಿಮಾನ ನಿಲ್ದಾಣದ ಅಧಿಕಾರಿ ಕೇಳಿದರೆ ಕಾಕು ಸುಳ್ಳು ಹೇಳಬೇಕಾಗುತ್ತಿತ್ತು.

ಆಗಸ್ಟ್‌ನ ಒಂದು ಸಂಜೆ ಮೂವರೂ ಕೂತು ಮಾತಾಡಿದೆವು. ನಾನು ಎರಡೂ ದಾರಿಯ ಖರ್ಚು ಕಾಗದದ ಮೇಲೆ ಬರೆದು ಇಟ್ಟಿದ್ದೆ. ಕಾಕು ಅದನ್ನು ಪೂರ್ತಿ ಓದಿದರು. ಈಗ ಎಲ್ಲ ಓದುತ್ತಾರೆ. ಆಮೇಲೆ ಹೇಳಿದರು. "ಲೆಸ್ಟರ್ ಮನಿ ಮಾರೇವಿ. ಹೋಗಿ ಇರೋದೆಲ್ಲಿ? ಮಗನ ಮನಿಯೊಳಗ ಒಂದ ಖೋಲಿ. ಎಷ್ಟ ದಿವಸ? ಬಾಡಿಗಿ ಮನಿ ಹಿಡದ್ರ ಪಿಂಚಣಿ ಅದಕ್ಕ ಸರಿಹೋತು. ಇಲ್ಲೆ ಲಿಫ್ಟಿನ ಮನಿ ಬರೂದೈತಿ. ನಾ ಬರೂದಿಲ್ಲ. ನೀವು ಹೋಗ್ತೀರೇನು, ಹೋಗ್ರಿ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಬ್ಬನ ಹೋಗಿ ಏನ್ ಮಾಡ್ಲಿ" ಎಂದರು. ಗಡುವು ಅಕ್ಟೋಬರ್‌ನಲ್ಲಿ ದಾಟಿತು. ಯಾರೂ ಆ ದಿನದ ಮಾತೆತ್ತಲಿಲ್ಲ.

ಕಾಕು ಈಗ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದ್ದಾರೆ. ಬೇಸಿಗೆಯಲ್ಲಿ ಇಬ್ಬರೂ ಮೊಮ್ಮಕ್ಕಳನ್ನು ನೋಡಿಕೊಂಡು ಬರುವ ಯೋಚನೆ. ಪಿಂಚಣಿಯವರಿಗೆ ಮುಂಚೆ ತಿಳಿಸಿದರೆ ಅಲ್ಲಿರುವಷ್ಟು ವಾರ ಏರಿದ ದರದಲ್ಲೇ ಕೊಡುತ್ತಾರೆ. ಇದು ಗೊತ್ತಾದ ದಿನದಿಂದ ಕಾಕಾ ಪ್ರವಾಸದ ವಾರಗಳನ್ನು ಲೆಕ್ಕ ಹಾಕುತ್ತಿದ್ದಾರೆ. ದರ ವಾಪಸ್ ಬಂದ ಮೇಲೆ ಮತ್ತೆ ಹಳೆಯದಕ್ಕೇ ಇಳಿಯುತ್ತದೆ ಎಂದು ಹೇಳಿದ್ದೇನೆ. ಇಳಿಯಲಿ ಬಿಡು, ಸಿಕ್ಕಷ್ಟು ಸಿಗಲಿ ಎನ್ನುತ್ತಾರೆ.

ಬಾಕಿ ಉಳಿದದ್ದು

ಕಾಕುಗೆ 2025ರಲ್ಲಿ 70 ತುಂಬಿತು. 70 ದಾಟಿದವರಿಗೆ ಆದಾಯ ಎಷ್ಟೇ ಇದ್ದರೂ ಕೊಡುವ, ಸರ್ಕಾರದ ಆರೋಗ್ಯ ವಿಮೆಯ ಆಯುಷ್ಮಾನ್ ವಯ ವಂದನ ಕಾರ್ಡು 2024ರ ಅಕ್ಟೋಬರ್‌ನಿಂದ ಇದೆ. ಮಾಡಿಸಿದೆವು. ಮೊಣಕಾಲಿನ ಆಪರೇಷನ್ ಮಾತ್ರ ಹೊಸ ಮನೆಗೆ ಹೋದ ಮೇಲೆ ಎನ್ನುತ್ತಾರೆ.

2026ರ ಏಪ್ರಿಲ್‌ನಿಂದ ಇಬ್ಬರೂ ತೆರಿಗೆಯ ಕಣ್ಣಿನಲ್ಲಿ ಸಾಮಾನ್ಯ ನಿವಾಸಿಗಳು. ಅಲ್ಲಿಂದ ಮುಂದೆ ಬ್ರಿಟನ್ನಿನ ಪಿಂಚಣಿ, ಬಡ್ಡಿ ಎಲ್ಲವೂ ಇಲ್ಲಿಯ ರಿಟರ್ನಿನಲ್ಲಿ ಬರಬೇಕು. ವಿದೇಶದ ಖಾತೆಗಳನ್ನೂ ಪ್ರತ್ಯೇಕ ಪಟ್ಟಿಯಲ್ಲಿ ತೋರಿಸಬೇಕು. ಮುಚ್ಚಿಟ್ಟರೆ ಕಪ್ಪುಹಣದ 2015ರ ಕಾನೂನಿನಲ್ಲಿ 10 ಲಕ್ಷ ರೂಪಾಯಿವರೆಗೂ ದಂಡ ಬೀಳಬಹುದು. ಪಟ್ಟಿ ಮಾಡಲು ಒಂದು ನೋಟ್‌ಬುಕ್ ತಂದಿದ್ದಾರೆ. ಕಾಕಾಗೆ ಹಳೇ ಖಾತೆಗಳು ನೆನಪಿವೆ, ಕಾಕು ಬರೆದುಕೊಳ್ಳುತ್ತಾರೆ. ಅಲ್ಲಿಯ ಒಂದು ಹಳೇ ಬಿಲ್ಡಿಂಗ್ ಸೊಸೈಟಿಯ (ಬ್ಯಾಂಕಿನಂಥದೇ ಉಳಿತಾಯ ಸಂಸ್ಥೆ) ಪಾಸ್‌ಬುಕ್ ಮಾತ್ರ ಇನ್ನೂ ಸಿಕ್ಕಿಲ್ಲ.

ಇನ್ನೊಂದು ವಿಷಯ ಇತ್ಯರ್ಥ ಆಗಿಲ್ಲ. ಬಿಲ್ಡರ್ ಜೊತೆಗಿನ ಕರಾರು ಸೊಸೈಟಿ ಕೊಟ್ಟ ಹಳೇ ಶೇರ್ ಸರ್ಟಿಫಿಕೇಟಿನ ಪ್ರಕಾರವೇ ಆಗಿದೆ, ಮೊದಲ ಹೆಸರು ಕಾಕಾನದು. ಹೊಸ ಫ್ಲ್ಯಾಟ್ ಕೈಗೆ ಬರುವ ಮುಂಚೆ ತನ್ನ ಹೆಸರು ಮೊದಲು ಬರಲಿ ಎಂದು ಕಾಕು ಕೇಳಿದ್ದಾರೆ. ಅದಕ್ಕೆ ಸೊಸೈಟಿಗೆ ಅರ್ಜಿ ಕೊಡಬೇಕು, ಇಬ್ಬರ ಸಹಿ ಬೇಕು. ಅರ್ಜಿ ನಾನೇ ಬರೆದುಕೊಟ್ಟಿದ್ದೇನೆ. ಕಾಕುವಿನ ಸಹಿ ಆಗಿದೆ. ಕಾಕಾ ಇನ್ನೂ ಓದುತ್ತಿದ್ದೇನೆ ಎನ್ನುತ್ತಾರೆ.